ಚಿಯಾಂಗ್ ಮಾಯ್‌ನ ಪಾಸ್‌ಬುಕ್ ಅಜ್ಜಂದಿರು

ಥಾಯ್ಲೆಂಡಿನ ಉತ್ತರಕ್ಕೆ, ಪಿಂಗ್ ನದಿಯ ದಡದಲ್ಲಿ ಚಿಯಾಂಗ್ ಮಾಯ್ ಎಂಬ ಊರಿದೆ. ಹೆಸರಿನ ಅರ್ಥ ‘ಹೊಸ ಪಟ್ಟಣ’, ಅಂದರೆ ನಮ್ಮ ಹೊಸೂರು! ಆದರೆ ಮಂಗ್ರಾಯ್ ದೊರೆ ಇದನ್ನು ಕಟ್ಟಿಸಿದ್ದು 1296ರಲ್ಲಿ. ಹಳೆಯ ಊರಿನ ಸುತ್ತಲಿನ ಚೌಕಾಕಾರದ ಕಂದಕದಲ್ಲಿ ಇಂದಿಗೂ ನೀರಿದೆ. ಪಶ್ಚಿಮಕ್ಕೆ ದೋಯ್ ಸುಥೇಪ್ ಬೆಟ್ಟ. ಅದರ ಮೇಲಿನ ಬಂಗಾರದ ಸ್ತೂಪ ನೋಡಲು 300ಕ್ಕೂ ಹೆಚ್ಚು ಮೆಟ್ಟಿಲು. ನನ್ನಾಕೆ ಸಲೀಸಾಗಿ ಹತ್ತಿದಳು, ನಾನು ಟ್ರಾಮಿನಲ್ಲಿ ಹೋದೆ. ಅಲ್ಲಿಯ ಜನ ಎದುರಾದರೆ ‘ಊಟ ಆಯ್ತಾ?’ ಎಂದೇ ಕೇಳುವುದು ನಮಗಿಬ್ಬರಿಗೂ ಬಹಳ ಹಿಡಿಸಿತು.

ಬ್ಯಾಂಕಾಕಿನಲ್ಲಿ ನೌಕರಿಯಲ್ಲಿರುವ ಮಗ ‘ಅಪ್ಪಾ, ನೀವಿಬ್ಬರೂ ಈ ಊರಲ್ಲೇ ಇದ್ದುಬಿಡಿ’ ಎಂದ. ಮರುದಿನ ಹಣ ಬದಲಿಸಲು ಬ್ಯಾಂಕಿಗೆ ಹೋದಾಗ ನನ್ನ ಕಣ್ಣು ಕೌಂಟರಿನ ಕಡೆಗೇ ಹೋಯಿತು. ಪಾಸ್‌ಬುಕ್ ಹಿಡಿದು ಸಾಲಾಗಿ ಕುಳಿತಿದ್ದವರೆಲ್ಲ ನೆರೆತ ತಲೆಯ ವಿದೇಶಿಯರು! ಪಕ್ಕದಲ್ಲಿದ್ದ ಇಂಗ್ಲೆಂಡಿನ ನಿವೃತ್ತ ಮೇಷ್ಟ್ರು ವಿಷಯ ಬಿಡಿಸಿ ಹೇಳಿದರು.

ವಯಸ್ಸು 50 ತುಂಬಿದ ವಿದೇಶಿಯರು ಅಲ್ಲಿ ನಿವೃತ್ತ ಜೀವನ ನಡೆಸಲು ಒಂದು ವರ್ಷದ ಅನುಮತಿ ಪಡೆಯಬಹುದು. ಅದಕ್ಕೆ ಅಲ್ಲಿನ ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಠೇವಣಿ ಇರಬೇಕು, ಇಲ್ಲವೇ ತಿಂಗಳಿಗೆ 65,000 ಬಾತ್ ಆದಾಯ ತೋರಿಸಬೇಕು. (ಮಕ್ಕಳೇ, ಇದು ತಿನ್ನುವ ಬಾತ್ ಅಲ್ಲ, ಅಲ್ಲಿಯ ದುಡ್ಡು!) ಪ್ರತಿ ವರ್ಷ ನವೀಕರಣ. 90 ದಿನಕ್ಕೊಮ್ಮೆ ವಿಳಾಸ ವರದಿ ಮಾಡಬೇಕು. ನಾವು ಪಿಂಚಣಿದಾರರು ನವೆಂಬರಿನಲ್ಲಿ ‘ಬದುಕಿದ್ದೇನೆ’ ಎಂದು ಪ್ರಮಾಣಪತ್ರ ಕೊಡುವುದಿಲ್ಲವೇ, ಹಾಗೆ. ಸಂಬಳದ ಕೆಲಸ ಮಾಡುವಂತಿಲ್ಲ. ಫ್ಲ್ಯಾಟ್ ಕೊಳ್ಳಬಹುದು, ನೆಲ ಕೊಳ್ಳುವಂತಿಲ್ಲ. ಮರುಪ್ರವೇಶದ ಪರವಾನಗಿ ಪಡೆಯದೆ ದೇಶ ಬಿಟ್ಟರೆ ವರ್ಷದ ಅನುಮತಿಯೇ ರದ್ದು. ತವರಿನಿಂದ ಕೆಟ್ಟ ಸುದ್ದಿ ಬಂದು ಓಡುವಾಗಲೂ ಇದನ್ನು ಮರೆಯುವಂತಿಲ್ಲ.

ಗುಮಾಸ್ತನ ಬುದ್ಧಿ, ನಾನು ಠೇವಣಿಯ ನಿಯಮವನ್ನೇ ಕೆದಕಿದೆ. ಅರ್ಜಿಗೆ ಎರಡು ತಿಂಗಳು ಮೊದಲಿನಿಂದ, ಮಂಜೂರಾದ ಮೇಲೆ ಮೂರು ತಿಂಗಳವರೆಗೆ 8 ಲಕ್ಷವೂ ಹಾಗೇ ಇರಬೇಕು. ಉಳಿದ ತಿಂಗಳುಗಳಲ್ಲಿ 4 ಲಕ್ಷಕ್ಕಿಂತ ಇಳಿಯಬಾರದು. ಅಂದರೆ ಕಷ್ಟಕಾಲಕ್ಕೆಂದು ಕೂಡಿಟ್ಟ ಹಣ ಕಷ್ಟಕಾಲದಲ್ಲಿ ಕೈಗೆ ಸಿಗುವುದಿಲ್ಲ! ‘ಹೃದಯದ ಚಿಕಿತ್ಸೆ ಆಗಬೇಕಿದೆ. ಇದನ್ನು ತೆಗೆದರೆ ಊರು ಬಿಡಬೇಕು, ತೆಗೆಯದಿದ್ದರೆ ಆಸ್ಪತ್ರೆಗೆ ಕಟ್ಟಲು ಬೇರೆ ಹಣವಿಲ್ಲ’ ಎಂದರು ಮೇಷ್ಟ್ರು. ಅವರ ಪಾಸ್‌ಬುಕ್‌ನ ಕೊನೆಯ ಸಾಲಿನಲ್ಲಿ ಇದ್ದದ್ದು 8 ಲಕ್ಷದ ಮೇಲೆ ಕೆಲವೇ ಸಾವಿರ.

ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹೊಲಕ್ಕೆ, ಕಾಡಿಗೆ ಬಿದ್ದ ಬೆಂಕಿಯ ಹೊಗೆ ಊರನ್ನೇ ಮುಚ್ಚುತ್ತದೆ. ಆಗ ಬೆಟ್ಟವೂ ಕಾಣದು. ಉಬ್ಬಸದವರು ಬೇರೆಡೆ ಹೋಗಿರುತ್ತಾರೆ. ಆ ಖರ್ಚು ಬೇರೆ.

ವಿದೇಶದಲ್ಲಿ ನೆಲೆಸುವ ಆಸೆಯುಳ್ಳ ಹಿರಿಯರಿಗೆ ನನ್ನ ಮಾತು ಇಷ್ಟೇ: ಎರಡು ಖಾತೆ ಇರಲಿ. ಒಂದು ಸರ್ಕಾರಕ್ಕೆ ತೋರಿಸಲು, ಇನ್ನೊಂದು ಆಸ್ಪತ್ರೆಗೆ. ಮೊದಲನೆಯದನ್ನು ಖರ್ಚಿನ ಹಣವೆಂದು ಎಣಿಸಲೇಬೇಡಿ. ನಿಯಮಗಳೂ ಬದಲಾಗುತ್ತಿರುತ್ತವೆ, ಹೊರಡುವ ಮುನ್ನ ಆ ದೇಶದ ರಾಯಭಾರ ಕಚೇರಿಯಲ್ಲಿ ವಿಚಾರಿಸಿ.

ರಾತ್ರಿ ಮಗನ ಮುಂದೆ ಕಾಗದ, ಪೆನ್ನು ಇಟ್ಟು ಲೆಕ್ಕ ತೋರಿಸಿದೆ. ನಮ್ಮ ಉಳಿತಾಯದಲ್ಲಿ ಮೊದಲ ಖಾತೆ ತುಂಬುತ್ತದೆ, ಎರಡನೆಯದು ಖಾಲಿ. ಅವನು ಸುಮ್ಮನಾದ. ನನ್ನಾಕೆ, ‘ವರ್ಷಕ್ಕೊಮ್ಮೆ ಬಂದು ನಿನ್ನ ಜೊತೆ ಇದ್ದು ಹೋಗ್ತೀವಿ ಬಿಡೋ. ನೆಂಟರಿಗೆ ಠೇವಣಿ ಕೇಳಲ್ಲವಲ್ಲ’ ಎಂದು ಅವನ ತಟ್ಟೆಗೆ ಅನ್ನ ಬಡಿಸಿದಳು.