ತೂತಿನ ಲೆಕ್ಕ

ಕ್ರೋಶಾದ ಬಗ್ಗೆ ಕನ್ನಡದಲ್ಲಿ ಬರೆಯಹೊರಟರೆ ಮೊದಲು ಎದುರಾಗುವುದು, ಈ ಕಸುಬಿಗೆ ನಮ್ಮಲ್ಲಿ ಹಿರಿಯರಿಲ್ಲವೆಂಬ ಸಂಗತಿ. ಮಗ್ಗಕ್ಕೆ ಜೇಡರ ದಾಸಿಮಯ್ಯನಿದ್ದಾನೆ. ಕಸೂತಿಗೆ ಧಾರವಾಡವಿದೆ. ಹಳೆಯ ಸೀರೆಗಳನ್ನು ಪದರ ಪದರವಾಗಿ ಕೂಡಿಸುವ ಕೌದಿಗೆ ಉತ್ತರ ಕರ್ನಾಟಕದ ಅಜ್ಜಿಯರಿದ್ದಾರೆ. ಕ್ರೋಶಾ ಮಾತ್ರ ಹೊರಗಿನಿಂದ ಬಂದದ್ದು. ಹೆಸರು ಫ್ರೆಂಚ್, ಅರ್ಥ ಸಣ್ಣ ಕೊಕ್ಕೆ. 19ನೆಯ ಶತಮಾನದಲ್ಲಿ ಮಿಷನರಿಗಳ ಜೊತೆ ನಮ್ಮ ದೇಶದ ಹಲವೆಡೆ ನೆಲೆಯೂರಿದ ಈ ಕೆಲಸ, ನಮ್ಮ ಬಾಲ್ಯದ ಹೊತ್ತಿಗೆ ಟಿ.ವಿ.ಯ ಮೇಲಿನ ಹೊದಿಕೆಯಾಗಿ, ಬಾಗಿಲ ತೋರಣವಾಗಿ ಮನೆಯೊಳಗಿನದೇ ಆಗಿಹೋಗಿತ್ತು. ಆಗ ಅದರ ಮರ್ಯಾದೆಯೆಲ್ಲ ಒಂದು ಎಳೆಯೂ ತಪ್ಪದಿರುವುದರಲ್ಲಿತ್ತು. ಈಗ ಅದೇ ಕೊಕ್ಕೆಯಿಂದ, ಬೇಕೆಂದೇ ಹರಿದಂತೆ ಕಾಣುವ ಜಾಲರಿ ಅಂಗಿಗಳನ್ನು ಹೆಣೆಯುತ್ತಾರೆ. ಕಾಲೇಜಿಗೆ ಹೋಗುವ ನಮ್ಮ ಮಕ್ಕಳು ಅವನ್ನು ಒಳಗೊಂದು ಬನಿಯನ್ನು ತೊಟ್ಟು ಮೇಲೆ ಹಾಕಿಕೊಳ್ಳುತ್ತಾರೆ.

ನಾವೆಂದರೆ ಅಂಟಾಪ್ ಹಿಲ್‌ನ ಕೇಂದ್ರ ಸರಕಾರಿ ವಸತಿಗೃಹಗಳಲ್ಲಿರುವ ಮೂರು ಕನ್ನಡ ಮನೆಗಳ ಹೆಂಗಸರು. ಸಾಯನ್ ನಿಲ್ದಾಣದ ಪಶ್ಚಿಮಕ್ಕೆ ಇಳಿದರೆ ಧಾರಾವಿ. ಅಲ್ಲಿನ ಚರ್ಮದ ಅಂಗಡಿಗಳು, ಕುಂಭಾರವಾಡದ ಗೂಡುಗಳು, ಹೊಲಿಗೆಯ ಕಾರಖಾನೆಗಳು ಎಲ್ಲರಿಗೂ ಗೊತ್ತಿರುವವೇ. ನಮಗೆ ಬೇಕಾದದ್ದು 90 ಫೂಟ್ ರಸ್ತೆಯಿಂದ ಒಳಸರಿದ ಒಂದು ಓಣಿಯಲ್ಲಿ, ಕಬ್ಬಿಣದ ಏಣಿ ಹತ್ತಿ ತಲುಪಬೇಕಾದ ಮಹಡಿಯ ಕೋಣೆ. ನಮ್ಮ ಗುರುಗಳು ಅಲ್ಲಿರುತ್ತಾರೆ. ತಂದೆತಾಯಿ ಕಲಬುರಗಿ ಕಡೆಯಿಂದ ಬಂದವರು. ಇವರು ಹುಟ್ಟಿದ್ದು ಇಲ್ಲಿಯೇ, ಮಹಾನಗರಪಾಲಿಕೆಯ ಕನ್ನಡ ಮಾಧ್ಯಮ ಶಾಲೆಯಲ್ಲಿ ಏಳನೆಯವರೆಗೆ ಓದಿದವರು. ಓಣಿಯೊಂದಿಗೆ ಹಿಂದಿ, ಪಕ್ಕದ ಮನೆಯೊಂದಿಗೆ ಹರಕುಮುರುಕು ತಮಿಳು. ಎಣಿಸುವುದು ಮಾತ್ರ ಕನ್ನಡದಲ್ಲಿ. ಒಂದು, ಎರಡು, ಬಿಡು. ಒಂದು, ಎರಡು, ಬಿಡು. ಹೊರನಾಡಿನಲ್ಲಿ ಕನ್ನಡ ಎಲ್ಲಿ ಉಳಿದಿದೆ ಎಂದು ನಮ್ಮ ಸಭೆಗಳಲ್ಲಿ ಆಗಾಗ ಚರ್ಚೆಯಾಗುತ್ತದೆ. ನಾವು ಕಂಡಂತೆ ಅದು ಎಣಿಕೆಯಲ್ಲಿ ಬಹುಕಾಲ ಉಳಿಯುತ್ತದೆ.

ಹೆಣಿಗೆಯ ಕ್ರಮ ಹೀಗೆ. ನಾಲ್ಕು ಮಿಲಿಮೀಟರಿನ ಕೊಕ್ಕೆ, ಹತ್ತಿಯ ನೂಲು. ಮೊದಲು ಸರಪಳಿ, ಅದರ ಮೇಲೆ ಒಂದು ಕಂಬ, ಎರಡು ಸರಪಳಿ, ಕೆಳಗಿನ ಎರಡನ್ನು ಬಿಟ್ಟು ಮತ್ತೊಂದು ಕಂಬ. ಒಂದು ಚೌಕ ಹುಟ್ಟಿತು. ಅಂಗಿಯ ಅಳತೆಗೆ ಸಿದ್ಧ ನಕ್ಷೆ ಬೇಕಿಲ್ಲ. ಹತ್ತು ಚೌಕಗಳ ಮಾದರಿ ತುಂಡನ್ನು ಹೆಣೆದು ಅಳೆದರೆ ಸಾಕು. ಅದು ಏಳು ಇಂಚು ಬಂದರೆ, 21 ಇಂಚಿನ ಅಗಲಕ್ಕೆ 30 ಚೌಕ. ಅಂದರೆ 90 ಸರಪಳಿ, ಕೊನೆಯ ಕಂಬಕ್ಕೆ ಒಂದು, ತಿರುಗಲು ಮತ್ತೆ ಕೆಲವು. ಮುಂದಕ್ಕೊಂದು, ಹಿಂದಕ್ಕೊಂದು ಆಯತ. ಕತ್ತಿಗೆ ಜಾಗ ಬಿಟ್ಟು ಭುಜ ಕೂಡಿಸಿ, ತೋಳಿಗೆ ಜಾಗ ಬಿಟ್ಟು ಪಕ್ಕ ಕೂಡಿಸಿದರೆ ಅಂಗಿ. ಯಾರ ಮೈಗೆ ಬೇಕಾದರೂ ಚೌಕ ಹೆಚ್ಚಿಸಿ ತಗ್ಗಿಸಿ ಒಗ್ಗಿಸಬಹುದು. ಇಂಗ್ಲಿಷ್ ಎಂ.ಎ. ಇಲ್ಲಿ ಒಮ್ಮೆ ಉಪಯೋಗಕ್ಕೆ ಬಂತು. ಅಮೆರಿಕದ ನಕ್ಷೆಯಲ್ಲಿ ಡಬಲ್ ಎನ್ನುವುದು ಬ್ರಿಟನ್ನಿನ ಪುಸ್ತಕದಲ್ಲಿ ಟ್ರೆಬಲ್. ಬ್ರಿಟನ್ನಿನ ಡಬಲ್ ಅದಕ್ಕಿಂತ ಗಿಡ್ಡ. ಗಿರಾಕಿಗಳು ತಂದುಕೊಟ್ಟ ಎರಡು ನಕ್ಷೆಗಳು ಯಾಕೆ ತಾಳೆಯಾಗುತ್ತಿಲ್ಲವೆಂದು ನಮ್ಮ ಗುರುಗಳು ತಲೆ ಕೆಡಿಸಿಕೊಂಡಿದ್ದರು.

ಇಷ್ಟು ಜಾಲರಿಯ ಮಾತಾಯಿತು. ಹರಿಯುವುದು ಹೇಗೆ?

ಸಾಮಾನ್ಯ ಸ್ವೆಟರಿನ ಹೆಣಿಗೆಯಲ್ಲಿ ಒಂದು ಸಾಲಿನ ಕುಣಿಕೆಗಳೆಲ್ಲ ಸೂಜಿಯ ಮೇಲೆ ತೆರೆದೇ ಇರುತ್ತವೆ. ಒಂದನ್ನು ಕೈಬಿಟ್ಟರೆ ಅದು ಏಣಿಯ ಹಾಗೆ ಕೆಳಗಿನವರೆಗೆ ತಾನೇ ಬಿಚ್ಚಿಕೊಳ್ಳುತ್ತದೆ. ಜಪಾನಿನ ರೇ ಕವಾಕುಬೊ 1982ರಲ್ಲಿ ತೂತು ತೂತಾದ ಸ್ವೆಟರುಗಳನ್ನು ಪ್ಯಾರಿಸ್ಸಿಗೆ ಒಯ್ದಾಗ, ಅವು ಹೆಣಿಗೆ ಯಂತ್ರದ ತಿರುಪುಗಳನ್ನು ಸಡಿಲಿಸಿ ಪಡೆದ ತೂತುಗಳಾಗಿದ್ದವು. ಆಕೆ ಅದನ್ನು ಹರಕು ಎನ್ನಲಿಲ್ಲ, ಲೇಸ್ ಎಂದೇ ಕರೆದಳು. ಅದಕ್ಕೂ ಮುಂಚೆ, 1970ರ ದಶಕದ ಲಂಡನ್ನಿನಲ್ಲಿ ವಿವಿಯನ್ ವೆಸ್ಟ್‌ವುಡ್ ಸಡಿಲ ಎಳೆಯ ಸ್ವೆಟರುಗಳನ್ನು ಪಂಕ್ ಹುಡುಗರಿಗೆ ಮಾರಿದ್ದಳು. ಕ್ರೋಶಾದಲ್ಲಿ ಈ ಸೌಲಭ್ಯವಿಲ್ಲ. ಇಲ್ಲಿ ತೆರೆದಿರುವುದು ಕೊಕ್ಕೆಯ ಮೇಲಿನ ಒಂದೇ ಕುಣಿಕೆ; ಉಳಿದವೆಲ್ಲ ಆಗಲೇ ಬಾಯಿ ಮುಚ್ಚಿವೆ. ನಡುವೆ ಕೈಬಿಡಲು ಏನೂ ಇಲ್ಲ. ಹರಕನ್ನೂ ಹೆಣೆಯಲೇಬೇಕು.

ಮೂರು ಚೌಕದ ಜಾಗದಲ್ಲಿ ನಡುವಿನ ಎರಡು ಕಂಬ ಬಿಟ್ಟು ಎಂಟು ಸರಪಳಿ ಹಾಕಿದರೆ ತೂತು. ಹನ್ನೊಂದು ಹಾಕಿದರೆ ಎಳೆ ಕಿತ್ತು ಜೋತಂತೆ ಕಾಣುತ್ತದೆ. ಆದರೆ ಮೇಲಿನ ಸಾಲಿನಲ್ಲಿ ಮತ್ತೆ ಎಂಟಕ್ಕೆ ಬರಬೇಕು, ಇಲ್ಲವಾದರೆ ಅಂಗಿಯೇ ಸೊಟ್ಟಗಾಗುತ್ತದೆ. ತೂತು ಮುಚ್ಚುವಾಗ ಆ ಎಂಟರಲ್ಲಿ ಮೂರನೆಯದರ ಮೇಲೊಂದು, ಆರನೆಯದರ ಮೇಲೊಂದು ಕಂಬ. ಸಾಲಿನ ಕೊನೆಗೆ ಚೌಕ ಮತ್ತೆ ಮೂವತ್ತೇ ಇರಬೇಕು. ನೇರ ಜಾಲರಿಯನ್ನು ಮಾತಾಡುತ್ತಾ, ಒಲೆಯ ಮೇಲಿನ ಅನ್ನ ನೋಡುತ್ತಾ ಹೆಣೆಯಬಹುದು. ತೂತು ಬಂದಾಗ ಕೋಣೆ ಮೌನವಾಗುತ್ತದೆ. “ಹರಿದದ್ದು ಹೊಲಿಯೋದು ನಮ್ಮವ್ವ ಕಲಿಸ್ಯಾಳ್ರಿ. ಹರಿಯೋದು ನಾನಾಗೇ ಕಲ್ತೀನಿ,” ಎಂದರು ನಮ್ಮ ಗುರುಗಳು. ಅವರ ಅವ್ವ ಹೊಲಿದ ಕೌದಿಯನ್ನು ಮಡಚಿ ಅದರ ಮೇಲೆಯೇ ನಾವು ಕುಳಿತಿದ್ದೆವು.

ಜಗಳವಿದ್ದದ್ದು ದರದಲ್ಲಿ. ಬಾಂದ್ರಾದ ಒಂದು ಅಂಗಡಿಗೆ ಮಾಲು ಒದಗಿಸುವ ದಲ್ಲಾಳಿ, ಹರಕು ಅಂಗಿಗೆ ನೇರ ಜಾಲರಿಗಿಂತ ಕಡಿಮೆ ಕೊಡುತ್ತೇನೆಂದ. ಅವನ ತರ್ಕ ಕೇಳಲು ಸರಿಯಾಗಿಯೇ ಇತ್ತು: ತೂತಿದ್ದಲ್ಲಿ ನೂಲಿಲ್ಲ, ತೂಕ ಕಡಿಮೆ. ಅಂಗಡಿಯ ಗಾಜಿನ ಹಿಂದೆ ಅದೇ ಅಂಗಿಗೆ ಬೆಲೆ ಹೆಚ್ಚಾಗುವುದು ಅದೇ ತೂತಿನಿಂದ ಎಂಬುದನ್ನು ಅವನು ಹೇಳಲಿಲ್ಲ. ನುರಿತ ಕೈಗೆ ಒಂದು ಅಂಗಿಗೆ ಸುಮಾರು 14 ಗಂಟೆ ಹಿಡಿಯುತ್ತದೆ. ತೂತುಗಳಿದ್ದರೆ ಇನ್ನೂ ಎರಡು. ನಾವು ಗಡಿಯಾರ ಹಿಡಿದು ನೋಡಿದ ಲೆಕ್ಕವಿದು. ನಿಜವಾದ ಕ್ರೋಶಾವನ್ನು ಕಾರಖಾನೆಯಲ್ಲಿ ಹೆಣೆಯುವ ಯಂತ್ರ ಇನ್ನೂ ಬಳಕೆಗೆ ಬಂದಿಲ್ಲ. ಯಂತ್ರದಲ್ಲಿ ಬರುವುದು ಅದರ ಅನುಕರಣೆ. ಹಾಗಾಗಿ ಎಲ್ಲೇ ಕಂಡ ಕ್ರೋಶಾ ಅಂಗಿಯೂ ಯಾರದೋ ಇಷ್ಟು ಗಂಟೆಗಳೇ.

ಈ ಗಂಟೆಗಳು ಕಾಣದಿರುವುದು ಹೊಸದೇನಲ್ಲ. 1840ರ ದಶಕದ ಕ್ಷಾಮದಲ್ಲಿ ಐರ್ಲೆಂಡಿನ ಹೆಂಗಸರು ಕ್ರೋಶಾ ಲೇಸ್ ಹೆಣೆದು ಮನೆ ನಡೆಸಿದರು. ನಮ್ಮ ಆಂಧ್ರದ ನರಸಾಪುರದ ಲೇಸ್ ಹೆಂಗಸರ ಕುರಿತು ಮರಿಯಾ ಮೀಸ್ 1982ರಲ್ಲಿ ಒಂದು ಪುಸ್ತಕವನ್ನೇ ಬರೆದರು: ಜಗತ್ತಿನ ಮಾರುಕಟ್ಟೆಗೆ ದುಡಿಯುವ ಇವರನ್ನು ಗೃಹಿಣಿಯರೆಂದೂ, ದುಡಿಮೆಯನ್ನು ಬಿಡುವಿನ ವೇಳೆಯ ಕೆಲಸವೆಂದೂ ಕರೆದಾಗ ಕೂಲಿ ತಾನಾಗಿ ಇಳಿಯುತ್ತದೆ ಎಂಬುದು ಅದರ ತಿರುಳು. ಮನೆಯಲ್ಲಿ ಕುಳಿತು ದುಡಿಯುವವರಿಗಾಗಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1996ರಲ್ಲಿ ರೂಪಿಸಿದ 177ನೆಯ ಒಡಂಬಡಿಕೆಯನ್ನು ಭಾರತ ಇನ್ನೂ ಅಂಗೀಕರಿಸಿಲ್ಲ. ನಮ್ಮ ತುಟ್ಟಿಭತ್ಯೆ ಜನವರಿಗೊಮ್ಮೆ, ಜುಲೈಗೊಮ್ಮೆ ಬೆಲೆ ಸೂಚ್ಯಂಕ ನೋಡಿ ಪರಿಷ್ಕರಣೆಯಾಗುತ್ತದೆ. ಅದು ತಡವಾದರೆ ನಾವು ಕಚೇರಿಯ ಕ್ಯಾಂಟೀನಿನಲ್ಲಿ ಗೊಣಗುತ್ತೇವೆ. ಆ ಏಣಿಯ ಮೇಲಿನ ಕೋಣೆಗೆ ಯಾವ ಸೂಚ್ಯಂಕವೂ ಹತ್ತಿಲ್ಲ. ಅಲ್ಲದೆ ಆ ಕೋಣೆ ಮನೆಯೂ ಹೌದು, ಕಾರಖಾನೆಯೂ ಹೌದು. ಪುನರ್ವಿಕಾಸದ ನಿಯಮದಲ್ಲಿ ಧಾರಾವಿಯೊಳಗೇ ಉಚಿತ ಮನೆ ದೊರೆಯುವುದು 1 ಜನವರಿ 2000ಕ್ಕೆ ಮುಂಚಿನ ನೆಲಮಹಡಿಯ ಮನೆಗಳಿಗೆ. ಮೇಲಂತಸ್ತಿನವರಿಗೆ ಧಾರಾವಿಯ ಹೊರಗೆ. ಹೊರಗೆ ಹೋದರೆ ದಲ್ಲಾಳಿ ಅಲ್ಲಿಗೆ ಬರುತ್ತಾನೆಯೇ ಎಂಬುದು ಅವರ ಮೊದಲ ಪ್ರಶ್ನೆ.

ದರದ ಮಾತಿಗೆ ನಾವು ಮೂವರೂ ಹಿಂದೆ ಕುಳಿತಿದ್ದೆವು, ಬಾಯಿ ಹಾಕಲಿಲ್ಲ. ಅವರಿಗೆ ನಮ್ಮ ವಕಾಲತ್ತು ಬೇಕಿರಲಿಲ್ಲ. ದಲ್ಲಾಳಿಯ ಕೈಗೆ ಕೊಕ್ಕೆ ಕೊಟ್ಟು, ಅರ್ಧ ಮುಗಿದ ಅಂಗಿಯನ್ನು ಮುಂದಿಟ್ಟು, ಒಂದು ತೂತು ಹಾಕಿ ತೋರಿಸು ಎಂದರು ಹಿಂದಿಯಲ್ಲಿ. ಅವನು ನಕ್ಕ. ಅವರು ನಗಲಿಲ್ಲ. ಕೊನೆಗೆ ಒಪ್ಪಂದವಾದದ್ದು ಹೀಗೆ: ಅಂಗಿಗೆ ನೇರ ಜಾಲರಿಯ ದರವೇ, ಮೇಲೆ ತೂತಿಗಿಷ್ಟು. ಈಗ ಮಾಲು ಒಯ್ಯುವಾಗ ಅವನು ಪ್ರತಿ ಅಂಗಿಯನ್ನೂ ಕಿಟಕಿಯ ಬೆಳಕಿಗೆ ಹಿಡಿದು ತೂತುಗಳನ್ನು ಎಣಿಸುತ್ತಾನೆ, ಮತ್ತು ಮುಂದಿನ ಕಂತಿಗೆ ಐದರ ಮೇಲೆ ಬೇಡವೆಂದು ತಾಕೀತು ಮಾಡಿ ಹೋಗುತ್ತಾನೆ.