ಕಬ್ಬಿಣಕ್ಕೆ ಬಣ್ಣ ಬಳಿಯಬಹುದು

ವಿಶಾಖಪಟ್ಟಣಕ್ಕೆ ಹೋದವರು ಆರ್.ಕೆ. ಬೀಚಿನಲ್ಲಿರುವ ಐಎನ್‌ಎಸ್ ಕುರ್ಸುರಾ ಮುಂದೆ ಒಂದು ಸೆಲ್ಫಿ ತೆಗೆಯದೆ ವಾಪಸ್ ಬರೋದು ಕಡಿಮೆ. ನನ್ನ ಫೋನಿನಲ್ಲೂ ಒಂದಿದೆ. ಸೋವಿಯತ್ ಒಕ್ಕೂಟದಲ್ಲಿ ತಯಾರಾಗಿ, 1969ರಲ್ಲಿ ನಮ್ಮ ನೌಕಾಪಡೆ ಸೇರಿ, 2001ರಲ್ಲಿ ನಿವೃತ್ತವಾದ ಜಲಾಂತರ್ಗಾಮಿ ಇದು. 2002ರಿಂದ ಮ್ಯೂಸಿಯಂ. ಉದ್ದ 91 ಮೀಟರ್. ಕೇಳೋಕೆ ದೊಡ್ಡದು. ಒಳಗೆ ಕಾಲಿಟ್ಟರೆ ಮಾತ್ರ ಸಂಜೆ ಆರರ ಬಿಎಂಟಿಸಿ ಬಸ್ಸೇ ವಿಶಾಲ ಅನ್ನಿಸುತ್ತೆ. 70ಕ್ಕೂ ಹೆಚ್ಚು ಜನ ಇದರೊಳಗೇ ಉಂಡು, ಮಲಗಿ, ಕೆಲಸ ಮಾಡ್ತಿದ್ರು.

ಒಂದು ಭಾಗದಿಂದ ಇನ್ನೊಂದಕ್ಕೆ ದಾಟೋಕೆ ಗುಂಡಗಿನ ಕಿಂಡಿಗಳಿವೆ. ನಾವೆಲ್ಲ ತಲೆ ಚಚ್ಚಿಕೊಂಡು ನುಸುಳುತ್ತಿದ್ದರೆ, ನಮಗೆ ಹಡಗು ತೋರಿಸುತ್ತಿದ್ದ ನಿವೃತ್ತ ನಾವಿಕರು ಕಿಂಡಿಯ ಕಡೆ ನೋಡಲೂ ಇಲ್ಲ. ಮಾತಾಡ್ತಾನೇ ಮೊದಲು ಕಾಲು, ಆಮೇಲೆ ಬೆನ್ನು, ಕೊನೆಗೆ ತಲೆ, ಅಷ್ಟರಲ್ಲಿ ಆಚೆ! ಮಗುವೊಂದು "ಅಂಕಲ್, ಕಿಟಕಿ ಎಲ್ಲಿ?" ಅಂತ ಕೇಳಿತು. ಅವರು ಹಿಂದಿಯಲ್ಲಿ ನಗುತ್ತಾ ಹೇಳಿದರು: ಇಲ್ಲಿ ಕಿಟಕಿ ಇಲ್ಲ ಪುಟ್ಟಾ, ಕಿವಿಯಿಂದಲೇ ನೋಡ್ಬೇಕು. ಸೋನಾರ್ ಅಂದರೇನು ಅಂತ ನನಗೆ ಸರಿಯಾಗಿ ಅರ್ಥವಾದದ್ದು ಆಗ. ಪಕ್ಕದ ಬೋರ್ಡಿನಿಂದ ಅಲ್ಲ.

ಹಡಗನ್ನು ಉಳಿಸೋದು ಸುಲಭವಲ್ಲ, ನಿಜ. 1971ರ ಯುದ್ಧದಲ್ಲಿ ಹೆಸರು ಮಾಡಿದ ವಿಕ್ರಾಂತ್ 1997ರಲ್ಲಿ ನಿವೃತ್ತವಾದ ಮೇಲೆ ಮುಂಬೈಯಲ್ಲಿ ಮ್ಯೂಸಿಯಂ ಆಗಿತ್ತು. ಆದರೆ 200 ಮೀಟರಿಗೂ ಉದ್ದದ ಹಡಗನ್ನು ಕುರ್ಸುರಾ ಥರ ದಡಕ್ಕೆ ಎಳೆದು ಕೂರಿಸೋದು ಹೇಗೆ? ನೀರಲ್ಲೇ ಉಳಿಯಿತು. ಉಪ್ಪುನೀರು ಕಬ್ಬಿಣವನ್ನು ತಿನ್ನುತ್ತಲೇ ಇರುತ್ತೆ, ದುರಸ್ತಿಯ ಖರ್ಚು ಮುಗಿಯೋದೇ ಇಲ್ಲ. ಸುರಕ್ಷಿತವಲ್ಲ ಅಂತ 2012ರಲ್ಲಿ ಬಾಗಿಲು ಮುಚ್ಚಿತು. 2014ರಲ್ಲಿ ಗುಜರಿಗೆ ಹೋಯಿತು. ಅದರ ಒಂದಿಷ್ಟು ಲೋಹ ಬಜಾಜ್ ವಿ ಬೈಕುಗಳಲ್ಲಿ ಸೇರಿಕೊಂಡಿತು. ನಮ್ಮ ಆಫೀಸಿನ ಪಾರ್ಕಿಂಗಿನಲ್ಲೂ ಅಂಥದ್ದೊಂದು ನಿಲ್ಲುತ್ತಿತ್ತು. 2020ರಲ್ಲಿ ವಿರಾಟ್ ಕೂಡ ಅಲಂಗ್ ದಾರಿ ಹಿಡಿಯಿತು.

ಎಲ್ಲ ಹಡಗನ್ನೂ ಉಳಿಸಿ ಅಂತ ನಾನು ಹೇಳಲ್ಲ. ಆ ದುಡ್ಡು ಯಾರು ಕೊಡ್ತಾರೆ? ಆದರೆ ಉಳಿಸಿಕೊಂಡ ಹಡಗುಗಳಲ್ಲಾದರೂ ಕಬ್ಬಿಣಕ್ಕಿಂತ ಬೇಗ ಸವೆಯುವುದು ಇನ್ನೊಂದಿದೆ. ಕುರ್ಸುರಾ ಕಡಲು ಬಿಟ್ಟೇ ಎರಡು ದಶಕ ದಾಟಿತು. ಅದರಲ್ಲಿ ದುಡಿದವರಿಗೂ ವಯಸ್ಸಾಗ್ತಿದೆ. ತುಕ್ಕು ಹಿಡಿದರೆ ಉಜ್ಜಿ ಬಣ್ಣ ಬಳಿಯಬಹುದು. ಕಿಂಡಿ ನೋಡದೆಯೇ ಬಗ್ಗುವ ಆ ಬೆನ್ನನ್ನು ಮತ್ತೆ ತರೋಕಾಗಲ್ಲ. ಅವರ ಮಾತನ್ನು ಈಗಲೇ ರೆಕಾರ್ಡ್ ಮಾಡಿಡೋಕೆ ಡಾಕ್‌ಯಾರ್ಡ್ ಬೇಡ, ಕೋಟಿಗಟ್ಟಲೆ ದುಡ್ಡೂ ಬೇಡ.

ನಮ್ಮ ಕಾರವಾರದ ಟ್ಯಾಗೋರ್ ಬೀಚಿನಲ್ಲೂ ಒಂದು ಹಡಗಿದೆ. ಕ್ಷಿಪಣಿ ನೌಕೆ ಚಾಪಲ್, 2005ರಲ್ಲಿ ನಿವೃತ್ತ. ಮುಂದಿನ ಲಾಂಗ್ ವೀಕೆಂಡಿಗೆ ಗೋವಾಕ್ಕೆ ಹೊರಟಾಗ ಅರ್ಧ ಗಂಟೆ ಅಲ್ಲಿ ಗಾಡಿ ನಿಲ್ಲಿಸಿ. ಫೋಟೋ ಆಮೇಲೆ ತೆಗೆಯಿರಿ. ಹತ್ತಿರದಲ್ಲಿ ಯಾರಾದರೂ ಹಳೆಯ ನಾವಿಕರು ಸಿಕ್ಕರೆ, "ಸರ್, ಒಳಗೆ ಹೇಗಿರ್ತಿತ್ತು?" ಅಂತ ಮೊದಲು ಕೇಳಿ.