ಫೇಡರಿನ ಮೇಲಿನ ಬೆರಳು

ವೇಷಧಾರಿ ಮಾತಿಗೆ ನಿಂತು ಸ್ವಲ್ಪ ಹೊತ್ತಾಯಿತು ಎಂದರೆ ನನ್ನ ಬೆರಳು ಫೇಡರಿನ ಕಡೆ ಸರಿಯುತ್ತದೆ. ಅರ್ಥಗಾರಿಕೆ ಚೆನ್ನಾಗಿಯೇ ನಡೆದಿರುತ್ತದೆ, ಸಭೆ ಕಿವಿಗೊಟ್ಟು ಕೂತಿರುತ್ತದೆ, ಬೆಳಕಿಗೇನೂ ಕೊರತೆಯಿರುವುದಿಲ್ಲ. ಆದರೂ ಹಿಂದಿನ ನೀಲಿಯನ್ನು ಕೊಂಚ ನೇರಳೆಗೆ ತಿರುಗಿಸೋಣ ಅನಿಸುತ್ತದೆ. ರಂಗದಲ್ಲಿ ನಡೆಯುತ್ತಿರುವ ಯಾವುದೂ ಅದನ್ನು ಕೇಳಿರುವುದಿಲ್ಲ. ಕೇಳಿದ್ದು ನನ್ನೊಳಗಿನ ಯಾವುದೋ ಒಂದು. ಭಟ್ಕಳ, ಹೊನ್ನಾವರ, ಕುಮಟಾಗಳ ನಡುವೆ ಶಾಲೆಯ ಗ್ಯಾದರಿಂಗಿಗೆ, ನಾಟಕಕ್ಕೆ, ಯಕ್ಷಗಾನದ ಆಟಕ್ಕೆ ಬಣ್ಣದ ದೀಪ ಕಟ್ಟಿಕೊಂಡು ಬದುಕುವ ನಾನು ಅದು ಯಾವುದೆಂದು ತಿಳಿಯಬೇಕಾಗಿದೆ.

ಕೆಲಸದ ಮೊದಲ ಭಾಗದಲ್ಲಿ ಈ ತಳಮಳವಿಲ್ಲ. ಅದು ಲೆಕ್ಕದ ಕೆಲಸ, ಅಲ್ಲಿ ನನಗೆ ನೆಮ್ಮದಿ. ನಾನು ಹೆಚ್ಚಾಗಿ ಬಳಸುವುದು 192 ಚಾನೆಲ್ಲಿನ ಸಣ್ಣ ಡಿಎಂಎಕ್ಸ್ ಕನ್ಸೋಲ್: 12 ದೀಪಗಳಿಗೆ ತಲಾ 16 ಚಾನೆಲ್. ಆದ್ದರಿಂದ ಮೊದಲ ಎಲ್‌ಇಡಿ ಪಾರ್‌ನ ವಿಳಾಸ 1, ಎರಡನೆಯದರದು 17, ಮೂರನೆಯದರದು 33. ಎಲ್ಲ ದೀಪಗಳೂ ಒಂದೇ ಮೋಡ್‌ನಲ್ಲಿರಬೇಕು. ಒಂದು ದೀಪದ ಎರಡನೇ ಚಾನೆಲ್ ಕೆಂಪಾಗಿದ್ದು ಇನ್ನೊಂದರದು ಹಸಿರಾಗಿದ್ದರೆ, ಒಂದೇ ಫೇಡರ್ ಎತ್ತಿದಾಗ ಎಡಗಡೆ ಕೆಂಪು, ಬಲಗಡೆ ಹಸಿರು. ಕೇಬಲ್ ದೀಪದಿಂದ ದೀಪಕ್ಕೆ ಸರಪಳಿಯಾಗಿ ಸಾಗಿ ಕೊನೆಯಲ್ಲಿ 120 ಓಮ್‌ನ ಟರ್ಮಿನೇಟರಿಗೆ ಮುಟ್ಟುತ್ತದೆ. ಸೆಕೆಂಡಿಗೆ ಎರಡೂವರೆ ಲಕ್ಷ ಬಿಟ್ ಓಡುವ ಸಂಕೇತವನ್ನು ತುದಿಯಲ್ಲಿ ಹೀರಿಕೊಳ್ಳುವ ಆ ಪುಟ್ಟ ರೆಸಿಸ್ಟರ್ ಇಲ್ಲದಿದ್ದರೆ ಅದು ಹಿಂದಕ್ಕೆ ಪುಟಿಯುತ್ತದೆ, ದೀಪಗಳು ಕಾರಣವಿಲ್ಲದೆ ಮಿಣುಕತೊಡಗುತ್ತವೆ. ಸಮುದ್ರದ ಬದಿಯಲ್ಲಿ ಇನ್ನೊಂದು ಕಾಟ ಉಪ್ಪುಗಾಳಿಯದು. ಕನೆಕ್ಟರಿನ ಪಿನ್ನುಗಳನ್ನು ಆಗಾಗ ಉಜ್ಜಿ ಒಣಗಿಸದಿದ್ದರೆ ಹಸಿರುಗಟ್ಟುತ್ತವೆ.

ಇದೆಲ್ಲ ಮುಗಿದು ಕುರ್ಚಿಯಲ್ಲಿ ಕೂತಾಗ ಶುರುವಾಗುತ್ತದೆ ಆಸೆ. ಕೆಂಪು, ಹಸಿರು, ನೀಲಿ ಒಂದೊಂದಕ್ಕೂ ಸೊನ್ನೆಯಿಂದ 255ರವರೆಗೆ ಮೆಟ್ಟಿಲು. ಮೂರನ್ನೂ ಬೆರೆಸಿದರೆ 1,67,77,216 ಬಣ್ಣ. ಹ್ಯಾಲೊಜನ್ ಕಾಲದಲ್ಲಿ ಬಣ್ಣವೆಂದರೆ ಸಂಜೆಯೇ ಕತ್ತರಿಸಿ ಚೌಕಟ್ಟಿಗೆ ಸಿಕ್ಕಿಸಿದ ಜೆಲ್ ಹಾಳೆ. ಮನಸ್ಸು ಬದಲಾದರೆ ಏಣಿ ಹತ್ತಬೇಕು. ಅದಕ್ಕೂ ಹಿಂದೆ ಗ್ಯಾಸ್‌ಲೈಟು, ಅದಕ್ಕೂ ಹಿಂದೆ ದೀವಟಿಗೆ. ಅಲ್ಲಿ ಬೆಳಕಿನವನಿಗೆ ಆಯ್ಕೆಯೇ ಇರಲಿಲ್ಲ, ಎಣ್ಣೆ ಎರೆಯುವುದಷ್ಟೇ ಅವನ ಪಾಲು. 1986ರಲ್ಲಿ ಅಮೆರಿಕದ ರಂಗತಂತ್ರಜ್ಞರು ರೂಪಿಸಿದ ಡಿಎಂಎಕ್ಸ್ ಭಾಷೆ, ಆಮೇಲೆ ಬಂದ ಅಗ್ಗದ ಎಲ್‌ಇಡಿ, ಇವೆರಡೂ ಸೇರಿ ನನಗೆ ಏಣಿಯಿಲ್ಲದ ಸ್ವಾತಂತ್ರ್ಯ ಕೊಟ್ಟವು. ಮನಸ್ಸು ಬದಲಾಯಿಸುವುದಕ್ಕೆ ಈಗ ಖರ್ಚೇ ಇಲ್ಲ.

ಆದರೆ ಆಟದಲ್ಲಿ ನನಗಿಂತ ಮೊದಲು ಬಣ್ಣ ಹಾಕಿದವರು ಇದ್ದಾರೆ. ಸಂಪ್ರದಾಯದ ಚೌಕಿಯಲ್ಲಿ ಅರದಾಳದ ಹಳದಿ, ಇಂಗಳಿಕದ ಕೆಂಪು, ಕಾಡಿಗೆಯ ಕಪ್ಪು ಸೇರಿ ಮುಖ ಮೂಡಿದೆ. ಮರದ ಭುಜಕೀರ್ತಿಗೆ, ಎದೆಕಟ್ಟಿಗೆ ಅಂಟಿಸಿದ ಚಿನ್ನದ ಬೇಗಡೆ, ದಗಲೆಯ ಕೆಂಪು ಅಥವಾ ಹಸಿರು, ಕಸೆಸೀರೆಯ ಚೌಕಳಿ, ಎಲ್ಲವೂ ಮೊದಲು ಬೆಂಕಿಯ ಬೆಳಕಿಗೆ ಹೊಂದಿಕೊಂಡು ಬೆಳೆದವು. ಬೆಂಕಿಯ ಬೆಳಕು ಸುಮಾರು 1,900 ಕೆಲ್ವಿನ್, ಹಳದಿ ಕೇಸರಿಗಳು ತುಂಬಿದ ಬೆಳಕು. ನನ್ನ ಎಲ್‌ಇಡಿಯ ಹಸಿರು ಸುಮಾರು 525 ನ್ಯಾನೊಮೀಟರಿನಲ್ಲಿದೆ, ಕೆಂಪು ಸುಮಾರು 625ರಲ್ಲಿ. ನಡುವಿನ ಹಳದಿ ಕೇಸರಿಯ ಜಾಗ ಹೆಚ್ಚುಕಡಿಮೆ ಖಾಲಿ. ಬೇಗಡೆ ಬದುಕುವುದೇ ಆ ಜಾಗದಲ್ಲಿ. ಅದಕ್ಕೇ ಮೂರು ಬಣ್ಣ ಬೆರೆಸಿದ ಬಿಳಿಯಲ್ಲಿ ಕಿರೀಟ ಪೇಲವವಾಗುತ್ತದೆ, ಮುಖ ಹಸಿರುಗಡೆ ವಾಲುತ್ತದೆ. ಅಂಬರ್ ದೀಪವಿರುವ ಪಾರ್ ಆ ಖಾಲಿಯನ್ನು ಒಂದಿಷ್ಟು ತುಂಬುತ್ತದೆ. ಇನ್ನು ಮುಂಭಾಗದಿಂದ ಬರೀ ನೀಲಿ ಬಿಟ್ಟರೆ ಇಂಗಳಿಕ ಕಪ್ಪಾಗುತ್ತದೆ, ಬರೀ ಕೆಂಪು ಬಿಟ್ಟರೆ ಹಸಿರು ದಗಲೆ ಕಪ್ಪಾಗುತ್ತದೆ. ಕಲಾವಿದ ತಾಸುಗಟ್ಟಲೆ ಕನ್ನಡಿಯ ಮುಂದೆ ಕೂತು ಬರೆದುಕೊಂಡದ್ದನ್ನು ಅಳಿಸಲು ನನಗೆ ಅರ್ಧ ಸೆಕೆಂಡು ಸಾಕು. ಈ ಅಧಿಕಾರ ನನ್ನ ಕೈಗೆ ಯಾವ ಶಿಕ್ಷಣವೂ ಇಲ್ಲದೆ ಬಂತಲ್ಲ ಎಂಬುದು ನನ್ನನ್ನು ಕಾಡುತ್ತದೆ.

ಹಾಗೆಂದು ಬಣ್ಣ ಬದಲಿಸುವುದೇ ಪಾಪ ಎಂದು ನಾನು ನಂಬುವುದಿಲ್ಲ. ಬಣ್ಣದ ವೇಷದ ಒಡ್ಡೋಲಗದಲ್ಲಿ ಪಂಜಿಗೆ ರಾಳದ ಪುಡಿ ಎರಚಿ ಬೆಂಕಿ ಭುಗ್ಗೆನ್ನಿಸಿದವರು ಬೆಳಕನ್ನು ಬದಲಿಸಲಿಲ್ಲವೇ? ಆದರೆ ಅಲ್ಲಿ ಬೆಂಕಿ ಏಳುತ್ತಿದ್ದದ್ದು ತೆರೆಯ ಹಿಂದಿನ ರಕ್ಕಸನ ಆರ್ಭಟಕ್ಕೆ, ಚೆಂಡೆಯ ಪೆಟ್ಟಿಗೆ. ವೇಷ ಕರೆದಾಗ ಬೆಳಕು ಓಗೊಟ್ಟಿತು. ನನ್ನ ನೇರಳೆಯನ್ನು ಕರೆದವರು ಯಾರು?

ಕುಮಟಾದಲ್ಲಿ ನಾಟಕವಾದರೆ ಈ ಪ್ರಶ್ನೆಗೆ ಉತ್ತರ ಹಾಳೆಯ ಮೇಲಿರುತ್ತದೆ. ನಿರ್ದೇಶಕರು ತಾಲೀಮಿನಲ್ಲೇ ನಿಗದಿ ಮಾಡಿರುತ್ತಾರೆ: ಈ ಮಾತಿಗೆ ಈ ಕ್ಯೂ. ಭಟ್ಕಳದ ಶಾಲೆಯ ಗ್ಯಾದರಿಂಗಿನಲ್ಲಿ ಧ್ವನಿಮುದ್ರಿತ ಹಾಡಿಗೆ ಮಕ್ಕಳು ಕುಣಿಯುವಾಗ ಚೇಸ್ ಓಡಿಸಿದರೆ ತಪ್ಪಿಲ್ಲ, ಹಾಡು ದಿನಾಲೂ ಅಷ್ಟೇ ಉದ್ದ. ಆಟ ಹಾಗಲ್ಲ. ಪದ್ಯ ಪ್ರಸಂಗದ್ದು, ಮಾತು ಆ ರಾತ್ರಿಯದು. ಎಲ್ಲಿ ನಿಲ್ಲುತ್ತದೆ, ಎಲ್ಲಿ ತಿರುಗುತ್ತದೆ ಎಂದು ಆಡುವವರಿಗೂ ಮೊದಲೇ ಗೊತ್ತಿರುವುದಿಲ್ಲ. ಭಾಗವತರು ಆ ತಿರುವು ಹಿಡಿದು ಪದ್ಯ ಎತ್ತುತ್ತಾರೆ. ಅದನ್ನು ಕನ್ಸೋಲಿನೊಳಗೆ ಮೊದಲೇ ಬರೆದಿಡಲಾಗದು. ದೀಪವನ್ನು ಸೌಂಡ್ ಆಕ್ಟಿವ್‌ಗೆ ಹಾಕಿದರೆ ಅದು ಚೆಂಡೆಯ ಸದ್ದನ್ನಷ್ಟೇ ಗುರುತಿಸುತ್ತದೆ. ಮುಕ್ತಾಯ ಬರುತ್ತಿದೆಯೆಂದು ಅದಕ್ಕೆ ತಿಳಿಯದು.

ಹೊನ್ನಾವರ ತಾಲೂಕಿನಲ್ಲಿ ದೀಪ ಹಾಕುವವನಿಗೆ ಇನ್ನೂ ಒಂದು ಹೊಣೆಯಿದೆ. ಗುಣವಂತೆಯಲ್ಲಿ 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮೇಳ ಕಟ್ಟಿದರು. ಅವರ ಮಗ ಶಂಭು ಹೆಗಡೆಯವರ ಹರಿಶ್ಚಂದ್ರ ನಿಂತಲ್ಲೇ ಕಣ್ಣಿನಲ್ಲಿ, ಹುಬ್ಬಿನಲ್ಲಿ ಕರಗುವ ಪಾತ್ರ. ಇದೇ ತಾಲೂಕಿನ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರ ಇಡೀ ರಂಗವನ್ನು ಕಾಲಲ್ಲಿ ಅಳೆಯುವ ಪಾತ್ರ. 2012ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಇಬ್ಬರೂ ಈಗಿಲ್ಲ, ಅವರ ಎರಡು ದಾರಿಗಳು ಉಳಿದಿವೆ. ಒಂದಕ್ಕೆ ಮುಖದ ಮೇಲೆ ಅಲುಗದ ಬೆಚ್ಚನೆಯ ಬೆಳಕು ಬೇಕು, ಇನ್ನೊಂದಕ್ಕೆ ಮೂಲೆಮೂಲೆಯಲ್ಲೂ ಕಾಲಿಗೆ ಬೆಳಕು ಬೇಕು. ಎರಡಕ್ಕೂ ಬೇಡವಾದದ್ದು ನನ್ನ ಅವಸರ.

ಈ ಅವಸರ ಎಲ್ಲಿಯದು? ಸಂಘಟಕರ ಮೇಲೆ ಹೊರಿಸಬಹುದು: ಬೆಳಕು ಬದಲಾಗುತ್ತಿದ್ದರೆ ಕೊಟ್ಟ ದುಡ್ಡಿಗೆ ಕೆಲಸ ಕಾಣುತ್ತದೆ. ಮೊಬೈಲ್ ವಿಡಿಯೊ ಮೇಲೆ ಹೊರಿಸಬಹುದು. ಕತ್ತಲಲ್ಲಿ ಕೂತವನಿಗೂ ಕಾಣಿಸಿಕೊಳ್ಳುವ ಹಂಬಲ ಎಂದು ಇನ್ನೂ ಒಳಗೆ ಹೋಗಬಹುದು. ಅದೂ ಪೂರ್ತಿ ನಿಜವಲ್ಲ. ನನಗೆ ಇನ್ನೊಬ್ಬರ ಮಾತು ಮುಗಿಯುವವರೆಗೆ ಕಾಯಲು ಬರುವುದಿಲ್ಲ. ಮನೆಯಲ್ಲಿ ಹಿರಿಯರು ನಿಧಾನವಾಗಿ ಏನೋ ಹೇಳುತ್ತಿದ್ದರೆ ಅವರ ವಾಕ್ಯದ ಕೊನೆಯನ್ನು ನಾನೇ ಹೇಳಿಬಿಡುತ್ತೇನೆ. ರಂಗದ ಮುಂದೆ ಅದೇ ಅಭ್ಯಾಸ ಬೆರಳಿಗಿಳಿದಿದೆ. ಬಣ್ಣ ಬದಲಿಸುವಾಗ ನಾನು ಕೇಳುತ್ತಿರುವುದಿಲ್ಲ, ಮುಂದಿನದನ್ನು ಯೋಚಿಸುತ್ತಿರುತ್ತೇನೆ. ಹಿಮ್ಮೇಳದ ಮದ್ದಲೆಗಾರರೂ ಕೈಯಲ್ಲಿ ವಾದ್ಯವಿಟ್ಟುಕೊಂಡೇ ಇಡೀ ಮಾತು ಕೇಳುತ್ತಾರೆ. ಕೈಯಲ್ಲಿ ಶಕ್ತಿಯಿದ್ದೂ ಕಾಯುವುದು ಕಲಿಯಬಹುದಾದ ವಿದ್ಯೆ ಎಂದು ಅವರನ್ನು ನೋಡಿ ನಂಬಿದ್ದೇನೆ.

ಆದ್ದರಿಂದ ಆಟಕ್ಕೆ ಈಗ ಕೆಲವೇ ಫೇಡರ್ ಇಟ್ಟುಕೊಳ್ಳುತ್ತೇನೆ: ಮುಂಭಾಗಕ್ಕೆ ಅಂಬರ್ ಬೆರೆತ ಬೆಚ್ಚನೆಯ ಬಿಳಿ, ಹಿಂದಿನಿಂದ ಒಂದು ನೀಲಿ, ಒಡ್ಡೋಲಗಕ್ಕೆ ಬೆಂಕಿಗೆಂಪು. ಆಟೊ ಮೋಡ್ ಇಲ್ಲ, ಚೇಸ್ ಇಲ್ಲ. ಆಟಕ್ಕೆ ಮೊದಲು ಚೌಕಿಗೆ ಹೋಗಿ ಅವತ್ತಿನ ವೇಷಗಳ ಬಣ್ಣ ನೋಡಿಬರುತ್ತೇನೆ. ಬೆರಳು ಇನ್ನೂ ಸರಿಯುತ್ತದೆ. ಸರಿದಾಗ ಅದನ್ನು ಮಡಿಲಿಗೆ ತಂದುಕೊಂಡು ಮಾತಿಗೆ ಮರಳಿ ಕಿವಿಗೊಡುತ್ತೇನೆ. ಸಂಘಟಕರಲ್ಲಿ ನನ್ನ ಕೋರಿಕೆ ಒಂದೇ. ದೀಪ ಕಡಿಮೆಯಾದರೂ ಪರವಾಗಿಲ್ಲ, ನನ್ನ ಮೇಜನ್ನು ಜನರೇಟರಿನ ಪಕ್ಕದ ಮೂಲೆಗೆ ತಳ್ಳಬೇಡಿ. ಭಾಗವತರ ಕೈಯ ತಾಳ ಕಾಣುವ, ಮಾತು ಕಿವಿಗೆ ಬೀಳುವ ಕಡೆ ಹಾಕಿಕೊಡಿ. ಬಾಡಿಗೆಯ ಮಾತು ಆಮೇಲೆ.